ನಲವತ್ತನೆಯ ಹೆಸರು

ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಒಳಗಿನ ಸಭಾಂಗಣದಲ್ಲಿ ಯಾರೋ ಗ್ಲಾಸನ್ನು ಮೇಜಿಗೆ ಅಪ್ಪಳಿಸಿದರು. ಸದ್ದು ಕೇಳಿದ್ದೇ ಕ್ಯಾಥರಿನ್ ಎದ್ದು ಕೈ ತೊಳೆಯತೊಡಗಿದಳು. ಹದಿನೇಳು ದಿನಗಳಲ್ಲಿ ಇದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಮೊದಲು ಒಂದು ಸದ್ದು, ಆಮೇಲೆ ಮೂವತ್ತು ಕುರ್ಚಿಗಳು ಒಟ್ಟಿಗೆ ಹಿಂದೆ ಸರಿಯುವ ಕರಕರ, ಕೂಗಾಟ, ಕೊನೆಗೆ ಅವಳ ಬಾಗಿಲಲ್ಲಿ ಒಬ್ಬ ಗಂಡಸು. ಮೊನ್ನೆ ಹಣೆ ಒಡೆಸಿಕೊಂಡವನು ಬಂದಿದ್ದ. ಅದಕ್ಕೂ ಮುಂಚೆ, ಎದುರಿನವನ ಕುತ್ತಿಗೆಗೆ ಕೈ ಹಾಕಲು ಹೋಗಿ ತನ್ನದೇ ಹೆಬ್ಬೆರಳು ಉಳುಕಿಸಿಕೊಂಡವನು. ಹೊರಗಿನ ಬ್ಯಾನರಿನಲ್ಲಿ ಶಾಂತಿ ಮಾತುಕತೆ ಎಂದು ಎರಡು ಭಾಷೆಗಳಲ್ಲಿ ಬರೆದಿತ್ತು. ಯುದ್ಧದಲ್ಲಿರುವ ಇನ್ನೊಂದು ಅರಬ್ ದೇಶದ ಎರಡೂ ಕಡೆಯವರಿಗೆಂದು ಕುವೈತ್ ಸರಕಾರ ತನ್ನ ಅತಿಥಿಗೃಹವನ್ನು ಬಿಟ್ಟುಕೊಟ್ಟಿತ್ತು, ಎಷ್ಟೋ ದೇಶಗಳು ತಮ್ಮ ತಮ್ಮ ಮಧ್ಯಸ್ಥರನ್ನು ಕಳಿಸಿದ್ದವು, ಮತ್ತು ಪ್ರಥಮ ಚಿಕಿತ್ಸೆಯ ಕೋಣೆಗೆಂದು ಆಸ್ಪತ್ರೆಯಿಂದ ಇಬ್ಬರು ನರ್ಸುಗಳನ್ನು ಎರವಲು ತಂದಿದ್ದರು. ಅವಳ ಕತ್ತಿನ ಬ್ಯಾಡ್ಜಿನಲ್ಲಿ ಹೆಸರಿರಲಿಲ್ಲ. ಮೆಡಿಕಲ್ ಎರಡು ಎಂದಷ್ಟೇ ಇತ್ತು. ಗೇಟಿನ ಕಾವಲಿನವರು ದಿನಾ ಅವಳ ಡಬ್ಬಿ ತೆರೆಸಿ, ನೀರುದೋಸೆಯ ಒಂದು ತುಂಡನ್ನು ಅವಳ ಕೈಯಿಂದಲೇ ತಿನ್ನಿಸಿ, ಅವಳು ನುಂಗಿದಳೆಂದು ಖಾತ್ರಿಯಾದ ಮೇಲೆ ಒಳಗೆ ಬಿಡುತ್ತಿದ್ದರು. ಕೆಲವು ದಿನ ಬಾಯಿ ತೆರೆದು ತೋರಿಸಬೇಕಾಗುತ್ತಿತ್ತು. ಇದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಮನೆಯಲ್ಲಿ ಹೇಳದ ವಿಷಯಗಳನ್ನು ಇಟ್ಟುಕೊಳ್ಳಲು ಅವಳ ಒಳಗೆ ಬೇಕಾದಷ್ಟು ಜಾಗವಿತ್ತು.

ಬಂದವನು ಅಬು ಹಾರಿಸ್. ಅಲ್ಲಿನ ಸರಕಾರದ ವಿರುದ್ಧ ಬಂದೂಕು ಹಿಡಿದ ಗುಂಪಿನ ಪರವಾಗಿ ಕೈದಿಗಳ ಪಟ್ಟಿ ನೋಡಿಕೊಳ್ಳುವವನು, ಐವತ್ತೈದರ ಮೇಲಿನ ವಯಸ್ಸು, ಚೆನ್ನಾಗಿ ಬಾಚಿದ ಗಡ್ಡ. ಅಂಗೈಯನ್ನು ಮೇಲಕ್ಕೆ ಮಾಡಿ ಮೇಜಿನ ಮೇಲಿಟ್ಟ. ಹೆಬ್ಬೆರಳಿನ ಬುಡದಲ್ಲಿ ಗಾಜಿನ ಮೂರು ಚೂರು ನಾಟಿ ನಿಂತಿದ್ದವು. ಮೂರನೆಯದು ಆಳದಲ್ಲಿತ್ತು, ರಕ್ತ ಅದರ ಸುತ್ತ ಮೆಲ್ಲಗೆ ಉಕ್ಕಿ ಬಿಳಿ ಟವೆಲಿಗೆ ಇಳಿಯುತ್ತಿತ್ತು. ಅವಳು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಚಿಮಟ ಹಿಡಿದಳು. ಗಾಜಿನ ತುದಿ ಚಿಮಟಕ್ಕೆ ಸಿಕ್ಕಿದಾಗ, ಎಳೆಯುವ ಬದಲು ಇದನ್ನು ಒಳಕ್ಕೆ ಒತ್ತಿದರೆ ಎಂಬ ಯೋಚನೆ, ಬೇರೆ ಯಾರದೋ ಯೋಚನೆಯಂತೆ ತಣ್ಣಗೆ ಬಂತು. ಒತ್ತಿದರೆ ನರಕ್ಕೆ ತಾಗುತ್ತದೆ. ಎರಡು ಬೆರಳು ಮತ್ತೆ ಮಡಚುವುದಿಲ್ಲ. ಇವನು ಅವನಾಗಿದ್ದರೆ? ಅವತ್ತು ವಾರ್ಡಿಗೆ ನುಗ್ಗಿದವರ ಮುಖಗಳೆಲ್ಲ ಬಟ್ಟೆಯಲ್ಲಿ ಸುತ್ತಿದ್ದವು; ಅವಳು ಕಂಡದ್ದು ಕೈಗಳನ್ನು ಮಾತ್ರ, ಅದರಲ್ಲೂ ಒಂದು ಬಲಗೈಯನ್ನು, ಬಂದೂಕಿನ ನಳಿಗೆಯಿಂದ ಕಾಟಿನ ಕಾಲಬುಡದ ಫೈಲನ್ನು ತಟ್ಟಿ ತೋರಿಸಿದ ಕೈಯನ್ನು. ಓದು, ಎಂದಿತ್ತು ಅದು. ಫೈಲುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹತ್ತು ವರ್ಷಗಳಿಂದ ಅವಳು ಯಾವ ಅರಬ್ ಗಂಡಸಿಗೆ ಸೂಜಿ ಚುಚ್ಚಿದರೂ ಮೊದಲು ಬಲಗೈಯನ್ನು ನೋಡುತ್ತಾಳೆ, ಮತ್ತು ಎಲ್ಲ ಕೈಗಳೂ ಅದೇ ಕೈ ಇರಬಹುದು ಎನ್ನಿಸುತ್ತದೆ.

"ಮೆತ್ತಗಿನ ಕೈ ನಿನ್ನದು ಸಿಸ್ಟರ್," ಎಂದ ಅಬು ಹಾರಿಸ್. "ಹಿಂದ್? ಇಂಡಿಯಾದವಳಾ?"

"ಹೌದು. ಅಲುಗಾಡಿಸಬೇಡಿ."

"ಅಲುಗಾಡಿಸಬೇಡಿ." ಅವಳು ಹೇಳಿದ್ದನ್ನು ಅವನು ಅವಳ ರಾಗದಲ್ಲೇ ಹೇಳಿ ನಕ್ಕ. "ಇದು ಕುವೈತಿನ ಅರಬ್ಬಿ ಅಲ್ಲ. ಇದು ನಮ್ಮ ಬಂದರಿನ ಅರಬ್ಬಿ. ನಮ್ಮ ಮೀನಿನವರು ಹೀಗೆ ಎಳೆಯುತ್ತಾರೆ. ಅಲ್ಲಿದ್ದೆಯಾ?"

"ಇಲ್ಲ," ಎಂದಳು ಅವಳು. "ಇಲ್ಲೇ ಕಲಿತದ್ದು. ರೋಗಿಗಳಿಂದ."

ಚೂರು ಹೊರಬಂತು. ಅವನು ಮುಖ ಸಹ ಹಿಂಡಲಿಲ್ಲ. ಗಾಜನ್ನು ತಟ್ಟೆಗೆ ಹಾಕಿದ ಸಣ್ಣ ಸದ್ದು ಕೇಳಿ, "ಮೂವತ್ತೊಂಬತ್ತು ಜನರನ್ನು ಕೊಡುತ್ತೇವೆ ಎಂದೆವು," ಎಂದ, ಅವಳಿಗಲ್ಲ, ತಟ್ಟೆಗೆ ಹೇಳುವಂತೆ. "ನಲವತ್ತನೆಯವನು ನಮ್ಮ ಹತ್ತಿರ ಇಲ್ಲ. ಇಲ್ಲದವನನ್ನು ಎಲ್ಲಿಂದ ತರಲಿ? ಹೆತ್ತು ಕೊಡಲಾ? ಸರಕಾರದ ಕಡೆಯ ಆ ಹೆಂಗಸು ಕೇಳುವುದಿಲ್ಲ. ಅವಳ ಮುಖ ನೋಡಿದರೆ ನನಗೆ ಗ್ಲಾಸು ಒಡೆಯಬೇಕು ಅನ್ನಿಸುತ್ತದೆ."

ಅವಳು ಹೊಲಿಗೆ ಹಾಕಿದಳು, ಪಟ್ಟಿ ಸುತ್ತಿದಳು. ಅವನು ಹೋದ ಮೇಲೆ ಟವೆಲನ್ನು ಕಸದ ಚೀಲಕ್ಕೆ ತುಂಬುವಾಗ ತನ್ನ ಕೈ ನಡುಗದೆ ಇದ್ದದ್ದನ್ನು ಕಂಡು ಅವಳಿಗೆ ಅಸಹ್ಯವಾಯಿತು.

ಹತ್ತು ವರ್ಷದ ಹಿಂದೆ ತಾನು ಕೆಲಸ ಮಾಡಿದ ಆ ದೇಶದ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿ, ಎನ್ನುತ್ತಾಳೆ. ಗಂಡ ಡೋಲ್ಫಿಗೆ ಆ ಸಂಕೋಚವಿಲ್ಲ. ಫಿಂಟಾಸಿನ ತಮ್ಮ ಫ್ಲ್ಯಾಟಿಗೆ ಯಾರೇ ಹೊಸಬರು ಊಟಕ್ಕೆ ಬಂದರೂ, ಮೀನಿನ ಸಾರು ಬಡಿಸುವುದರೊಳಗೆ ಅವನು ಶುರು ಮಾಡುತ್ತಾನೆ. ಗೊತ್ತುಂಟಾ, ಯುದ್ಧ ಆಗುವಾಗ ಅಲ್ಲಿ ಡ್ಯೂಟಿಯಲ್ಲಿದ್ದವಳು ಇವಳು. ವಾರ್ಡಿಗೆ ಬಂದು ಗುಂಡು ಹಾರಿಸಿದ್ದಾರೆ. ಇವಳು ರೋಗಿಗಳನ್ನು ಬಿಟ್ಟು ಓಡಿದವಳಲ್ಲ. ಅವಳು ಹಡಗಿನಲ್ಲಿ ತಪ್ಪಿಸಿಕೊಂಡು ಬಂದ ವರ್ಷ ಮಂಗಳೂರಿನವರ ಸಂಘದವರು ಕ್ರಿಸ್ಮಸ್ ಪಾರ್ಟಿಯಲ್ಲಿ ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದ್ದರು. ಫ್ರೆಡ್ರಿಕ್ ಎಂಬ ಅಧ್ಯಕ್ಷರು ಮೈಕಿನಲ್ಲಿ ಧೈರ್ಯ, ಸೇವೆ, ತ್ಯಾಗ ಎಂದು ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಹೇಳುವಾಗ ಶಾಲಿನ ಜರಿ ಅವಳ ಕತ್ತನ್ನು ಚುಚ್ಚುತ್ತಿತ್ತು. ಕೆಳಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆಗ ಅವಳಿಗೆ ಮೂತ್ರಕ್ಕೆ ಹೋಗಬೇಕು ಅನ್ನಿಸಿ, ಅದನ್ನು ತಡೆಯಲಾರದೆ, ಹೊಸ ಸೀರೆಯಲ್ಲಿ ನಾಲ್ಕು ಹನಿ ಆಗಿಯೇ ಹೋಯಿತು. ಆ ಫೋಟೋ ಈಗಲೂ ಮನೆಯ ಹಾಲಿನ ಗೋಡೆಯಲ್ಲಿದೆ. ಅದರಲ್ಲಿ ಅವಳು ತೊಡೆಗಳನ್ನು ಬಿಗಿಹಿಡಿದು ನಗುತ್ತಿದ್ದಾಳೆ.

ಇವತ್ತು ಬೆಳಿಗ್ಗೆ ಮಿರ್ಕಾಬಿನ ಆಫೀಸಿಗೆ ಹೋಗುವ ದಾರಿಯಲ್ಲಿ ಅವಳನ್ನು ಗೇಟಿನ ಹತ್ತಿರ ಇಳಿಸುವಾಗಲೂ ಡೋಲ್ಫಿ ಹೇಳಿದ್ದ: "ನೋಡು ಕ್ಯಾತಿ, ಅವರದ್ದು ಎಂತದಿದ್ದರೂ ಅವರಿಗೆ. ನೀನು ಬೀಪಿ ನೋಡುದು, ಬರುದು. ಮುಂದಿನ ತಿಂಗಳು ನಿನ್ನ ನರ್ಸಿಂಗ್ ಲೈಸೆನ್ಸು, ಇಲ್ಲಿ ಇರ್ಲಿಕ್ಕೆ ಬೇಕಾದ ಇಕಾಮಾ ಎರಡೂ ರಿನೀವಲ್ ಉಂಟು. ನೆನಪಿರಲಿ."

"ಎಂತ ಬಾಯಮ್ಮ, ಇವತ್ತು ಎಷ್ಟು ವಿಕೆಟು?" ಎನ್ನುತ್ತ ಶಿಹಾಬ್ ಒಳಗೆ ಬಂದ. ಉಳ್ಳಾಲದವನು, ಅತಿಥಿಗೃಹದ ಚಹಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇರುವವನು, ತಲೆ ಪೂರ್ತಿ ಬೆಳ್ಳಗಾಗಿತ್ತು. ಸಭಾಂಗಣಕ್ಕೆ ನಿಃಸಂಕೋಚವಾಗಿ ಹೋಗಿ ಬರುವವರಲ್ಲಿ ಅವನೊಬ್ಬ. ಟ್ರೇ ಹಿಡಿದವನನ್ನು ಯಾರೂ ನೋಡುವುದಿಲ್ಲ.

"ಒಂದೇ. ನಾಲ್ಕು ಹೊಲಿಗೆ."

"ನಾಳೆಯಿಂದ ಪೇಪರ್ ಕಪ್ಪು ಕೊಡಬೇಕಂತೆ. ಅರಬಾಬು, ನಮ್ಮ ಧಣಿ, ನನಗೇ ಬೈದ, ಗಾಜಿನ ಗ್ಲಾಸು ಯಾಕೆ ಇಟ್ಟದ್ದು ಅಂತ. ನಾನೇ ಹೋಗಿ ಆ ಗಡ್ಡದವನ ಕೈಗೆ ಚುಚ್ಚಿದ ಹಾಗೆ! ಅಲ್ಲ, ನಾಳೆ ಅಂತ ಒಂದು ಉಂಟಲ್ಲ, ಅದೇ ಇಲ್ಲ. ಸಂಜೆ ಐದಕ್ಕೆ ಆ ದೇಶದ ಸರಕಾರದವರು ಹೊರಡ್ತಾರೆ. ಪ್ಲೇನು ರೆಡಿ."

"ಸಹಿ ಆಗುದಿಲ್ವಾ ಹಾಗಾದ್ರೆ?"

"ಎಲ್ಲಿಂದ ಆಗುದು? ಪಟ್ಟಿ ದೊರೆ ಬಿಡುದಿಲ್ಲ." ಪಟ್ಟಿ ದೊರೆ ಎಂದರೆ ಕೈದಿಗಳ ಪಟ್ಟಿಯ ಉಸ್ತುವಾರಿಗೆ ಬಂದ ವಿದೇಶಿ ಅಧಿಕಾರಿ, ತೆಳ್ಳಗೆ, ಉದ್ದಕ್ಕೆ, ಬಿಸಿಲಿಗೆ ಕೆಂಪಾದ ಮೂಗು. ಹೆಸರು ಶಿಹಾಬನೇ ಇಟ್ಟದ್ದು. "ಮೊದಲ ಕಂತಿನಲ್ಲಿ ನಲವತ್ತು ಹೆಸರು. ಜೀವಂತ ಇದ್ದರೆ ಜೀವಂತ, ಸತ್ತಿದ್ದರೆ ಸತ್ತ, ನಲವತ್ತಕ್ಕೂ ಲೆಕ್ಕ ಸಿಕ್ಕಿದ ಮೇಲೆ ಸಹಿ. ಮೂವತ್ತೊಂಬತ್ತು ಆಯ್ತು. ಒಂದಕ್ಕೆ ನಿಂತದ್ದು ಮಾರಾಯ್ರೆ. ಒಂದು ಶಾಲೆ ಮಾಸ್ಟ್ರಿಗೆ. ಇದ್ರೀಸ್ ಅಂತ. ಸರಕಾರದ ಕಡೆಯಲ್ಲಿ ಒಬ್ಬಳು ಹೆಂಗಸು ಇದ್ದಾಳಲ್ಲ, ಸಮೀಹಾ, ಅವಳ ತಮ್ಮನಂತೆ. ಅವಳು ಹೇಳುದು, ಆಸ್ಪತ್ರೆಯಿಂದ ನಡೆದು ಹೊರಗೆ ಬಂದವನನ್ನು ಈ ಬಂದೂಕಿನವರೇ ಎತ್ತಿಕೊಂಡು ಹೋದದ್ದು ಅಂತ. ಇವರು ಹೇಳುದು, ಖುರಾನಿನ ಆಣೆ ನಮಗೆ ಗೊತ್ತಿಲ್ಲ ಅಂತ... ಎಂತ ಆಯ್ತು? ಕೂತ್ಕೊಳ್ಳಿ ಬಾಯಮ್ಮ. ಚಾ ಕುಡೀರಿ."

ಅವಳು ಕೂತಳು. ಚಹಾದ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ಕೂತಳು. ಇದ್ರೀಸ್ ಎಂಬ ಹೆಸರಿನವರು ಆ ದೇಶದಲ್ಲಿ ಸಾವಿರ ಜನ ಇರಬಹುದು ಎಂದುಕೊಂಡಳು. ಶಾಲೆಯ ಮಾಸ್ಟರರೂ ಇರಬಹುದು. ಹೀಗೆ ಅಂದುಕೊಳ್ಳುತ್ತಿರುವಾಗಲೇ ಅಲ್ಲಿನ ವಾರ್ಡಿನ ಮೂರನೇ ಕಾಟಿನ ಮೇಲಿನ ಹಳೆಯ ಏಸಿಯಿಂದ ನೀರಿನ ಹನಿ ಬೀಳುವ ಸದ್ದು ಅವಳಿಗೆ ಕೇಳತೊಡಗಿತು. ಮೂರು ಎಣಿಸುವಷ್ಟರಲ್ಲಿ ಒಂದು ಹನಿ.

ಸಮೀಹಾ ಬಂದದ್ದು ಒಂದು ಗಂಟೆಗೆ. ತಲೆಸುತ್ತು ಎಂದಳು. ನಲವತ್ತೆಂಟು, ಐವತ್ತು ಇರಬಹುದು, ಕ್ಯಾಥರಿನ್‌ಳದೇ ವಯಸ್ಸು. ಕಪ್ಪು ಸ್ಕಾರ್ಫು, ಬಳಲಿದ ದೊಡ್ಡ ಕಣ್ಣುಗಳು, ಉಗುರುಗಳನ್ನು ಕಚ್ಚಿ ಕಚ್ಚಿ ಬೆರಳ ತುದಿಗಳು ಹಸಿಯಾಗಿದ್ದವು. ತೋಳಿಗೆ ಬೀಪಿಯ ಪಟ್ಟಿ ಸುತ್ತಿ ಗಾಳಿ ತುಂಬುವಾಗ ಸಮೀಹಾ ಇನ್ನೊಂದು ಕೈಯಿಂದ ಚೀಲ ತೆರೆದು ಪ್ಲಾಸ್ಟಿಕ್ ಹಾಕಿಸಿದ ಎರಡು ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಎಲ್ಲರಿಗೂ ತೋರಿಸಿ ತೋರಿಸಿ ಅವಳಿಗೆ ಅದು ಕೈಯ ಚಾಳಿಯೇ ಆಗಿರಬೇಕು. ಒಂದು ಫೋಟೋ, ಕನ್ನಡಕ ಹಾಕಿಕೊಂಡು ಕರಿಹಲಗೆಯ ಮುಂದೆ ನಿಂತವನದು. ಇನ್ನೊಂದು ಆಸ್ಪತ್ರೆಯ ರಿಜಿಸ್ಟರಿನ ಪುಟ.

"ಇದು ನನ್ನ ತಮ್ಮ. ಇದು ಅವನು ಬದುಕಿದ್ದ ಎನ್ನುವುದಕ್ಕೆ ಸಾಕ್ಷಿ. ನೋಡು, ನಿನಗೆ ಇಂಗ್ಲಿಷ್ ಬರುತ್ತದಲ್ಲ. ಇದ್ರೀಸ್ ಸಾಲಿಂ, ಡಿಸ್ಚಾರ್ಜ್, ನಡೆದು ಹೋದ, ಸಂಜೆ ಆರು ಗಂಟೆ. ನಡೆದು ಹೋದ ಅಂತ ಬರೆದಿದ್ದಾಳೆ. ಇಲ್ಲಿ ಸಹಿ ಹಾಕಿದ್ದಾಳಲ್ಲ, ಈ ನರ್ಸ್, ಹತ್ತು ವರ್ಷದಿಂದ ನಾನು ಇವಳನ್ನು ಹುಡುಕುತ್ತಿದ್ದೇನೆ. ಇವಳೊಬ್ಬಳು ಬಂದು ಹೌದು ನನ್ನ ಕಣ್ಣೆದುರೇ ನಡೆದು ಹೋದ ಎಂದು ಹೇಳಿದರೆ ಸಾಕು, ಈ ನಾಯಿಗಳ ಬಾಯಿ ಮುಚ್ಚುತ್ತದೆ."

ತನ್ನ ಸಹಿ ಅಷ್ಟು ಚೆನ್ನಾಗಿತ್ತೆಂದು ಕ್ಯಾಥರಿನ್‌ಗೆ ನೆನಪಿರಲಿಲ್ಲ. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆಳೆದು ಅಡಿಗೆರೆ ಮಾಡಿದ್ದಳು, ಆತುರದಲ್ಲಿರುವವರು ಹಾಗೆ ಮಾಡುವುದಿಲ್ಲ. ಗಾಳಿ ತುಂಬುವ ಚೆಂಡು ಅವಳ ಮುಷ್ಟಿಯಲ್ಲಿ ಹಾಗೆಯೇ ನಿಂತಿತ್ತು, ಮುಳ್ಳು ಇನ್ನೂರರ ಹತ್ತಿರ. ಬಿಡು, ನೋಯುತ್ತಿದೆ, ಎಂದಳು ಸಮೀಹಾ. ಅವಳು ಬಿಡಲಿಲ್ಲ. ಹತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ಒಂದೂವರೆಗೆ ಡ್ಯೂಟಿ ಬದಲಾಗಬೇಕಿತ್ತು. ಎಂಟು ಕಾಟಿನ ಗಂಡಸರ ವಾರ್ಡು. ಮೂರನೆಯ ಕಾಟಿನಲ್ಲಿ ಗಾಲಿಬ್, ತೊಡೆಗೆ ಗುಂಡು ತಾಗಿದವನು, ಮುರಿದ ಹಲ್ಲಿನಲ್ಲಿ ನಗುತ್ತ, ನನ್ನಕ್ಕ, ನನ್ನ ರಾಣಿ, ಈ ನೀರು ನನ್ನ ಬ್ಯಾಂಡೇಜಿನ ಮೇಲೆ ಬೀಳುತ್ತಿದೆ, ನಾನು ಮೀನಲ್ಲ, ಎಂದು ಬೆಳಗಿನಿಂದ ಪೀಡಿಸುತ್ತಿದ್ದ. ಅವನು ನಗಿಸುತ್ತಿದ್ದ. ಆ ದಿನಗಳಲ್ಲಿ ನಗಿಸುವವರು ಯಾರೂ ಇರಲಿಲ್ಲ. ಏಳನೆಯ ಕಾಟಿನಲ್ಲಿ ಕರುಳಿನ ಆಪರೇಷನ್ ಆದ ಮಾಸ್ಟರು ನೋವಿನ ಇಂಜೆಕ್ಷನ್ನಿಗೆ ಮೈಮರೆತು ಮಲಗಿದ್ದ. ಮಲಗಿದವನು ದೂರು ಹೇಳುವುದಿಲ್ಲ. ಅಷ್ಟೇ ಕಾರಣ. ಕಾಟಿನ ಚಕ್ರಗಳು ತುಕ್ಕು ಹಿಡಿದಿದ್ದರಿಂದ ಕಾಟುಗಳನ್ನು ತಳ್ಳದೆ, ಬೆಡ್‌ಶೀಟಿನ ಸಮೇತ ಮನುಷ್ಯರನ್ನು ಎತ್ತಿ ಅದಲು ಬದಲು ಮಾಡಿಸಿದಳು. ರೋಗಿಯ ಜೊತೆಗೇ ಫೈಲೂ ಹೋಗಬೇಕೆಂಬುದು ನರ್ಸಿಂಗಿನ ಮೊದಲ ವಾರದ ಪಾಠ. ಊಟ ಮುಗಿಸಿ ಬದಲಿಸೋಣ ಎಂದು ಫೈಲುಗಳನ್ನು ಕಾಟಿನ ಕಾಲಬುಡದಲ್ಲಿ ಹಾಗೇ ಬಿಟ್ಟಳು. ಇಪ್ಪತ್ತು ನಿಮಿಷದ ಮಾತು. ಆ ಇಪ್ಪತ್ತು ನಿಮಿಷದಲ್ಲಿ ಅವರು ಮೆಟ್ಟಿಲು ಹತ್ತಿ ಬಂದರು.

"ಆ ನರ್ಸ್ ನಾನು," ಎಂದಳು ಕ್ಯಾಥರಿನ್.

ಸಮೀಹಾಳ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಅದನ್ನು ನೋಡಬೇಕಾಗಿ ಬಂತು. ಪಟ್ಟಿ ಸುತ್ತಿದ ಕೈಯಿಂದಲೇ ಅವಳು ಕ್ಯಾಥರಿನ್‌ಳ ಎರಡೂ ಕೆನ್ನೆ ಹಿಡಿದು, ಅಲ್ಲಾ, ಅಲ್ಲಾ, ಎಂದು ಹಣೆಗೆ ಮುತ್ತಿಟ್ಟಳು. ಆ ಮುತ್ತು ಹಣೆಯ ಮೇಲೆ ಒದ್ದೆಯಾಗಿ ಇರುವಾಗಲೇ ಕ್ಯಾಥರಿನ್ ಹೇಳತೊಡಗಿದಳು. ಅವಳ ಅರಬ್ಬಿಯೆಲ್ಲ ನರ್ಸಿನ ಅರಬ್ಬಿ. ಉಸಿರು ಎಳೆ. ಮಗ್ಗುಲಾಗು. ಎಲ್ಲಿ ನೋವು? ಇಷ್ಟರಲ್ಲಿ ಒಂದು ಕೊಲೆಯನ್ನು ಹೇಳಬೇಕಿತ್ತು. ಅದಕ್ಕೇ ಅದು ತೀರ ನೆಟ್ಟಗೆ, ಯಾವ ಸಬೂಬೂ ಇಲ್ಲದೆ ಬಂತು. ಮೂರನೆಯ ಕಾಟು. ನೀರು. ನಿನ್ನ ತಮ್ಮ ನಿದ್ದೆಯಲ್ಲಿದ್ದ. ನಾನು ಅವನನ್ನು ಅಲ್ಲಿ ಹಾಕಿದೆ. ಫೈಲಿನಲ್ಲಿ ಗಾಲಿಬ್ ಎಂದು ಬರೆದಿತ್ತು. ಅವರಿಗೆ ಗಾಲಿಬ್ ಬೇಕಿತ್ತು. ಓದು ಎಂದರು. ಒಂದನೇ ಕಾಟು ಓದಿದೆ, ಎರಡನೇ ಕಾಟು ಓದಿದೆ. ಮೂರನೆಯದು ಓದುವಾಗ ನನಗೆ ಗೊತ್ತಿತ್ತು.

"ಏನು ಗೊತ್ತಿತ್ತು?"

"ಮಲಗಿದವನು ಗಾಲಿಬ್ ಅಲ್ಲ ಎಂದು ಗೊತ್ತಿತ್ತು. ಬರೆದದ್ದನ್ನು ಓದಿದೆ."

ಎರಡು ಗುಂಡು. ಮಾಸ್ಟರ ದೇಹ ಕಾಟಿನ ಮೇಲೆ ಒಮ್ಮೆ ಕುಳಿತಂತೆ ಎದ್ದು ಬಿತ್ತು, ಹೊಟ್ಟೆಯ ಹೊಲಿಗೆ ಬಿಚ್ಚಿಕೊಂಡಿತು, ಗೋಡೆಗೆ ಸಿಡಿದದ್ದು ಬರೇ ರಕ್ತವಾಗಿರಲಿಲ್ಲ. ಏಳನೆಯ ಕಾಟಿನಿಂದ ಗಾಲಿಬ್ ಅವಳನ್ನೇ ನೋಡುತ್ತಿದ್ದ, ಮುರಿದ ಹಲ್ಲಿನ ಬಾಯಿ ತೆರೆದು. ಅವರು ದೇಹವನ್ನು ಶೀಟಿನಲ್ಲಿ ಸುತ್ತಿ ಕೆಳಗಿನ ಟ್ರಕ್ಕಿಗೆ ಹಾಕಿಕೊಂಡು ಹೋದರು. ಖಾಲಿ ಹಾಸಿಗೆಯ ಮೇಲೆ ನೀರು ಬೀಳುತ್ತಲೇ ಇತ್ತು, ಕೆಂಪನ್ನು ಸ್ವಲ್ಪ ಸ್ವಲ್ಪವೇ ತಿಳಿ ಮಾಡುತ್ತ. ಸಂಜೆ ಆಸ್ಪತ್ರೆ ಖಾಲಿ ಮಾಡಿಸುವಾಗ ಊರುಗೋಲು ಹಿಡಿದು ಕೌಂಟರಿನ ಮುಂದೆ ಬಂದು ನಿಂತ ಗಾಲಿಬ್ ಮಾತಾಡಲಿಲ್ಲ, ನಗಿಸಲಿಲ್ಲ. ಅವಳೂ ಕೇಳಲಿಲ್ಲ. ಏಳನೆಯ ಫೈಲನ್ನು ಮುಂದಿಟ್ಟುಕೊಂಡು, ಇದ್ರೀಸ್ ಸಾಲಿಂ, ನಡೆದು ಹೋದ, ಎಂದು ಬರೆದು ಬಾಲ ಎಳೆದು ಸಹಿ ಹಾಕಿದಳು. ಅದನ್ನೂ ಹೇಳಿದಳು.

ಹೊಡೆತ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಪಟ್ಟಿ ಸುತ್ತಿದ ತೋಳು ಬೀಸಿದಾಗ ಕೊಳವೆಯ ತುದಿಯ ಗಡಿಯಾರದಂಥ ಲೋಹದ ಡಬ್ಬಿ ಹಾರಿ ಬಂದು ಅವಳ ಕೆನ್ನೆಮೂಳೆಗೆ ಬಡಿಯಿತು. ಆಮೇಲೆ ಕೈ. ಆಮೇಲೆ ಮತ್ತೆ ಕೈ. ಸಮೀಹಾ ಅವಳ ಕೂದಲನ್ನು ಹಿಡಿದು ತಲೆಯನ್ನು ಔಷಧಿಯ ಬೀರಿಗೆ ಎರಡು ಸಲ ಬಡಿದಳು. ಒಳಗೆ ಬಾಟಲಿಗಳು ಗಲಗಲ ಅಂದವು. ಕ್ಯಾಥರಿನ್ ಕೈ ಎತ್ತಲಿಲ್ಲ. ಇದು ಶಿಕ್ಷೆ, ಇದರ ಕೊನೆಯಲ್ಲಿ ಏನೋ ಹಗುರವಾಗುತ್ತದೆ ಎಂದು ಹತ್ತು ವರ್ಷ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ತಲೆ ನೋಯಿತು, ಅಷ್ಟೆ. ಬಾಯಲ್ಲಿ ರಕ್ತದ ಉಪ್ಪು. ನಿದ್ದೆಯಲ್ಲಿದ್ದ ಎಂದು, ಎನ್ನುತ್ತಿದ್ದಳು ಸಮೀಹಾ, ಹೊಡೆತಕ್ಕೊಂದರಂತೆ, ನಿದ್ದೆಯಲ್ಲಿದ್ದ ಎಂದು, ಮಾತಾಡಲಾರ ಎಂದು, ಅವನನ್ನು ನೀರಿನ ಕೆಳಗೆ. ಗುಂಡಿಗಿಂತ ಆ ನೀರು ಅವಳಿಗೆ ಹೆಚ್ಚಾಗಿತ್ತು. ಗುಂಡಿನ ಹೊಣೆ ಹೊರಿಸಲು ಶತ್ರುಗಳಿದ್ದರು.

ಸದ್ದು ಕೇಳಿ ಶಿಹಾಬ್ ಓಡಿ ಬಂದ. "ಯಾ ಅಲ್ಲಾ! ಎಂತ ಇದು? ಬಿಡಿ ಉಮ್ಮಾ, ಬಿಡಿ, ಇವರು ನಮ್ಮ ಸಿಸ್ಟರ್!" ಎಂದು ನಡುವೆ ನುಗ್ಗಿ ತಾನೂ ಒಂದೇಟು ತಿಂದ.

"ಬೇಡ ಶಿಹಾಬ್ ಭಾಯಿ. ನೀವು ಹೋಗಿ," ಎಂದಳು ಕ್ಯಾಥರಿನ್ ನೆಲದಿಂದ. "ಹೊಡೆಯುವ ಕೆಲಸ ಅವರಿಗೆ ಕೊಟ್ಟದ್ದು ನಾನೇ."

ಮೂರು ಗಂಟೆಗೆ ಪಕ್ಕದ ಸಣ್ಣ ಕೋಣೆಯಲ್ಲಿ ನಾಲ್ಕು ಜನ ಕೂತಿದ್ದರು. ಪಟ್ಟಿ ದೊರೆ, ಅಬು ಹಾರಿಸ್, ಸಮೀಹಾ, ಮತ್ತು ಕೆನ್ನೆ ಊದಿಕೊಂಡು ಒಂದು ಕಣ್ಣು ಅರ್ಧ ಮುಚ್ಚಿದ್ದ ಕ್ಯಾಥರಿನ್. ಸಮೀಹಾಳೇ ಅವಳನ್ನು ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದಿದ್ದಳು. ಪಟ್ಟಿ ದೊರೆಗೆ ಅರಬ್ಬಿ ಬರುತ್ತಿತ್ತು, ಪುಸ್ತಕದ ಅರಬ್ಬಿ. ಅವನು ಪ್ರಶ್ನೆ ಕೇಳಿದ, ಅವಳು ಹೇಳಿದಳು. ಮೂರನೆಯ, ಏಳನೆಯ ಕಾಟಿನವರನ್ನು ಅದಲು ಬದಲು ಮಾಡಿದ್ದೆ, ಮೂರನೆಯ ಕಾಟಿನಲ್ಲಿ ಸತ್ತದ್ದು ಇದ್ರೀಸ್. ಅಬು ಹಾರಿಸ್ ಒಂದು ದೊಡ್ಡ ಉಸಿರು ಬಿಟ್ಟ. ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲೆ ಊರಿ, ಹಾಗಾದರೆ ಶವ ಎಲ್ಲಿದೆ ಎಂದು ನಮಗೆ ಗೊತ್ತು, ಎಂದ. ಸಿಮೆಂಟ್ ಗೋದಾಮಿನ ಹಿಂದೆ, ಗಾಲಿಬ್ ಎಂದುಕೊಂಡು ಹೂತದ್ದು. ಕೊಡುತ್ತೇವೆ. ಪಟ್ಟಿ ದೊರೆ ಬರೆದುಕೊಂಡ. ಅವನ ಪೆನ್ನು ಒಂದು ಚೌಕದಲ್ಲಿ ಸಣ್ಣ ಗುರುತು ಹಾಕಿತು. ನಲವತ್ತು. ಅವನ ಮುಖದಲ್ಲಿ, ತಡೆದುಕೊಳ್ಳಲು ನೋಡಿದರೂ, ಸಂತೋಷ ಕಾಣಿಸಿತು. ಐದು ಗಂಟೆಗೆ ಪ್ಲೇನು ಹಾರುವುದಿಲ್ಲ. ಮೂವತ್ತೊಂಬತ್ತು ಮನೆಗಳಿಗೆ ಯಾರೋ ಬರುತ್ತಾರೆ.

"ಆದರೆ," ಎಂದ ಅಬು ಹಾರಿಸ್. ಅವನ ದನಿ ಮೆತ್ತಗಾಗಿತ್ತು. "ಹಾಗಾದರೆ ಗಾಲಿಬ್ ಎಲ್ಲಿ?"

ಪಟ್ಟಿ ದೊರೆ ಪೆನ್ನು ಕೆಳಗಿಟ್ಟ.

"ಅವನು ನನ್ನ ಹನ್ನೊಂದು ಜನರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ ಬೆಂಕಿ ಕೊಟ್ಟವನು. ಅದರಲ್ಲಿ ಒಬ್ಬ ನನ್ನ ತಂಗಿಯ ಮಗ. ಹತ್ತು ವರ್ಷ ಅವನು ಸತ್ತ ಎಂದುಕೊಂಡು ಮಲಗಿದ್ದೇನೆ. ಏಳನೆಯ ಕಾಟಿನಲ್ಲಿ ಗಾಲಿಬ್ ಇದ್ದ. ಏಳನೆಯ ಕಾಟಿನವನು ನಡೆದು ಹೋದ ಎಂದು ಈ ಕಾಗದ ಹೇಳುತ್ತದೆ. ಸಿಸ್ಟರ್, ನೀನು ಹೇಳು."

ಹನ್ನೊಂದು ಜನ ಎಂಬುದು ಅವಳಿಗೆ ಗೊತ್ತಿರಲಿಲ್ಲ. ನಾನು ಮೀನಲ್ಲ, ಎಂದಿದ್ದ. ನನ್ನ ರಾಣಿ, ಎಂದಿದ್ದ. ಅವಳು ನಕ್ಕಿದ್ದಳು, ನಕ್ಕು ಅವನನ್ನು ಒಣಗಿದ ಜಾಗಕ್ಕೆ ಸಾಗಿಸಿದ್ದಳು. ಅಬು ಹಾರಿಸ್ ಬೆರಳಿನಿಂದ ರಿಜಿಸ್ಟರಿನ ಪುಟವನ್ನು ಮೆಲ್ಲಗೆ ತಟ್ಟಿದ, ಒಂದು ಸಲ, ಎರಡು ಸಲ, ಅವತ್ತು ಫೈಲನ್ನು ತಟ್ಟಿದ ನಳಿಗೆಯಂತೆ. ಹೇಳಬಹುದಿತ್ತು. ಹೇಳುವುದರಲ್ಲಿ ತಪ್ಪೂ ಇರಲಿಲ್ಲ. ಕೊಂದವನು ಅವನು. ಅವಳು ಬಾಯಿ ತೆರೆದಳು. ಬಂದ ಮಾತು ಕೇಳಿ ಅವಳಿಗೇ ಆಶ್ಚರ್ಯವಾಯಿತು.

"ಗಾಲಿಬ್ ಸತ್ತ. ಅವತ್ತೇ ಸಂಜೆ. ತೊಡೆಯ ಗಾಯ ಕೀವಾಗಿ ನಂಜು ರಕ್ತಕ್ಕೆ ಏರಿತ್ತು. ಐದು ಗಂಟೆಗೆ ಜ್ವರ ನೂರ ಐದು. ನಾಡಿ ನೂರ ನಲವತ್ತು. ಐದೂ ನಲವತ್ತಕ್ಕೆ ಉಸಿರು ನಿಂತಿತು."

"ಕಾಗದದಲ್ಲಿ ನಡೆದು ಹೋದ ಎಂದಿದೆ."

"ನಾನೇ ಬರೆದದ್ದು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಸತ್ತವನಿಗೆ ಮೂರು ಫಾರಂ ತುಂಬಬೇಕು, ಡಾಕ್ಟರ ಸಹಿ ಬೇಕು. ಡಿಸ್ಚಾರ್ಜ್ ಆದರೆ ಒಂದೇ ಸಾಲು. ಕಾಟಿನ ಮೇಲೆ ಹಾಗೇ ಬಿಟ್ಟು, ಒಂದು ಸಾಲು ಬರೆದು ಓಡಿದೆ."

ಅವಳು ಜ್ವರವನ್ನು ಹೇಳಿದ ರೀತಿಗೆ, ಆ ನಾಚಿಕೆಗೇಡಿನ ಫಾರಮ್ಮಿನ ಲೆಕ್ಕಕ್ಕೆ, ಅಬು ಹಾರಿಸನ ಮುಖ ಸ್ವಲ್ಪ ಸಡಿಲವಾಯಿತು. ಹೀಗೆ ಯಾರೂ ಸುಳ್ಳು ಹೇಳುವುದಿಲ್ಲ. ಹೀಗೆ ಹೇಳಿದರೆ ತನ್ನ ಮೇಲೆ ತಾನೇ ಉಗುಳಿಕೊಂಡಂತೆ. ಪಟ್ಟಿ ದೊರೆ ಇಂಗ್ಲಿಷಿನಲ್ಲಿ, ಇದನ್ನು ಲಿಖಿತದಲ್ಲಿ ಕೊಟ್ಟರೆ ನಿಮ್ಮ ಲೈಸೆನ್ಸಿಗೆ ತೊಂದರೆಯಾದೀತು, ದಾಖಲೆ ತಿದ್ದಿದ್ದು ಸಣ್ಣದಲ್ಲ, ಎಂದ. ಅವಳು ಪೆನ್ನು ಕೇಳಿದಳು. ಡೋಲ್ಫಿಯ ಮುಖ ಕಣ್ಣ ಮುಂದೆ ಬಂತು, ಹಾಲಿನ ಗೋಡೆಯ ಹತ್ತಿರ ನಿಂತು ಯಾರೋ ಅತಿಥಿಗೆ ಬೆರಳು ತೋರಿಸುತ್ತಿರುವ ಡೋಲ್ಫಿ. ಅವಳು ಸಹಿ ಹಾಕಿದಳು.

ಅಬು ಹಾರಿಸ್ ಆಗ ಸಮೀಹಾಳ ಕಡೆ ತಿರುಗಿದ. ಹದಿನೇಳು ದಿನಗಳಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ನೇರವಾಗಿ ಮಾತಾಡಿಸಿದ್ದು ಅದೇ ಮೊದಲು. "ನಿನಗೂ ಇವಳು ಇದನ್ನೇ ಹೇಳಿದಳಾ?"

ಊರುಗೋಲು ಹಿಡಿದು ಕೌಂಟರಿನ ಮುಂದೆ ನಿಂತವನ ಕಥೆಯನ್ನು ಸಮೀಹಾ ಎರಡು ಗಂಟೆಯ ಹಿಂದೆಯಷ್ಟೇ ಕೇಳಿದ್ದಳು. ಅವಳ ತಮ್ಮನ ಹೆಸರನ್ನು ಉಟ್ಟುಕೊಂಡು ಹೊರಗೆ ಹೋದವನ ಕಥೆಯನ್ನು. ಕಚ್ಚಿ ಹಸಿಯಾದ ಬೆರಳುಗಳು ಫೋಟೋದ ಪ್ಲಾಸ್ಟಿಕ್ಕನ್ನು ಉಜ್ಜುತ್ತಿದ್ದವು. ಕ್ಯಾಥರಿನ್ ನೆಲ ನೋಡಿದಳು. ಗೋಡೆಯಾಚೆ ಯಾರೋ ಮೈಕು ಪರೀಕ್ಷಿಸುತ್ತಿದ್ದರು.

"ಇದನ್ನೇ," ಎಂದಳು ಸಮೀಹಾ.

ಗಂಡಸರಿಬ್ಬರೂ ಎದ್ದು ಹೋದರು. ಸ್ವಲ್ಪ ಹೊತ್ತಿನಲ್ಲೇ ಸಭಾಂಗಣದ ಸದ್ದು ಬದಲಾಯಿತು. ಕುರ್ಚಿಗಳು ಹಿಂದಕ್ಕಲ್ಲ, ಮುಂದಕ್ಕೆ ಸರಿಯುತ್ತಿದ್ದವು. ಕ್ಯಾಥರಿನ್ ಏನಾದರೂ ಹೇಳಬೇಕೆಂದುಕೊಂಡಳು, ಆ ಹೆಂಗಸಿನ ಕಾಲು ಮುಟ್ಟಬೇಕೆಂದುಕೊಂಡಳು. ಅಷ್ಟರಲ್ಲಿ ಸಮೀಹಾ ಕುರ್ಚಿಯನ್ನು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರಕ್ಕೆ ಎಳೆದು ಕೂತಳು.

"ನಿನಗಾಗಿ ಹೇಳಲಿಲ್ಲ ನಾನು," ಎಂದಳು. "ಗಾಲಿಬ್ ನನ್ನ ಪಾಲಿನವನು. ಇವರಿಗೆ ಯಾಕೆ ಕೊಡಲಿ? ಹತ್ತು ವರ್ಷ ಸತ್ತವನನ್ನು ಹುಡುಕಿದೆ. ಈಗ ಬದುಕಿರುವವನನ್ನು ಹುಡುಕುತ್ತೇನೆ. ಇದ್ರೀಸ್ ಸಾಲಿಂ ಎಂದು ಹೇಳಿಕೊಂಡು ಎಲ್ಲೋ ಅಂಗಡಿ ಇಟ್ಟಿರುತ್ತಾನೆ. ಮದುವೆಯಾಗಿರುತ್ತಾನೆ. ಅವನ ಮಕ್ಕಳು ನನ್ನ ಅಪ್ಪನನ್ನು ಅಜ್ಜ ಅನ್ನುತ್ತಿರುತ್ತಾರೆ." ಅವಳು ಕ್ಯಾಥರಿನ್‌ಳ ಮಣಿಕಟ್ಟನ್ನು ಹಿಡಿದಳು, ಎಳೆದು ತಂದಾಗ ಹಿಡಿದದ್ದಕ್ಕಿಂತ ಬಿಗಿಯಾಗಿ. "ಅವನ ಮುಖ ಹೇಳು. ಒಂದನ್ನೂ ಬಿಡಬೇಡ."

ಕ್ಯಾಥರಿನ್ ಕಣ್ಣು ಮುಚ್ಚಿದಳು. ಗಾಲಿಬನನ್ನೇ ಹೇಳಬೇಕೆಂದು ಹುಡುಕಿದಳು. ಈ ಹೆಂಗಸಿಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಮುರಿದ ಹಲ್ಲು ಸಿಕ್ಕಿತು, ಆದರೆ ಅದು ಇರಬೇಕಾದ ಬಾಯಿ ಸಿಗಲಿಲ್ಲ. ಬಂದದ್ದು ಬೇರೆ ಮುಖ. "ಹುಬ್ಬು ಎರಡೂ ಕೂಡಿತ್ತು," ಎಂದಳು. "ಎಡಗೆನ್ನೆಯಲ್ಲಿ ದಿಂಬಿನ ಗೆರೆ ಬಿದ್ದಿತ್ತು. ತುಟಿ ಒಣಗಿತ್ತು, ನಾನು ಹತ್ತಿಯಲ್ಲಿ ನೀರು ಅದ್ದಿ ಒರೆಸಿದ್ದೆ. ಕಿವಿಯ ಹಿಂದೆ ಸೀಮೆಸುಣ್ಣದ ಪುಡಿ ಇತ್ತು, ಬಿಳಿ, ಆಪರೇಷನ್ನಿಗೆ ತೊಳೆಯುವಾಗ ಹೋಗಿರಲಿಲ್ಲ. ನಿದ್ದೆಯಲ್ಲಿ ಬೆರಳು ಅಲುಗಾಡುತ್ತಿತ್ತು. ಹೀಗೆ. ಏನೋ ಬರೆಯುವ ಹಾಗೆ."

ಮಣಿಕಟ್ಟಿನ ಮೇಲೆ, ಕಚ್ಚಿ ಮೊನಚಾಗಿ ಉಳಿದ ಉಗುರಿನ ಚೂರುಗಳು ಚರ್ಮಕ್ಕೆ ಇಳಿದವು. ಆಚೆ ಕೋಣೆಯಲ್ಲಿ ಚಪ್ಪಾಳೆ ಎದ್ದಿತು, ನಿಲ್ಲದ ಚಪ್ಪಾಳೆ, ಯಾರೋ ಅಳುತ್ತಲೂ ಇದ್ದರು. ಕ್ಯಾಥರಿನ್ ತಾನು ಯಾರ ಬಗ್ಗೆ ಹೇಳುತ್ತಿದ್ದೇನೆಂದು ತಿಳಿದು ನಿಲ್ಲಿಸಿದಳು. ರಕ್ತ ಸಣ್ಣಗೆ ಅಂಗೈಗೆ ಇಳಿಯುತ್ತಿತ್ತು. ಸಮೀಹಾ ಕೈ ಬಿಡಲಿಲ್ಲ.

"ಆಮೇಲೆ?" ಎಂದಳು.